ಕೂಸು ಉಣ್ಣುವ ತನಕ

ಪೂಜ್ಯ ಗುರುಸಿದ್ಧವ್ವನವರ ಮಠದಲ್ಲಿ ಊಟದ ಸಾಲಿಗೆ ಒಂದು ಕಟ್ಟಳೆಯಿತ್ತು. ಅದನ್ನು ಕೂಸಿನ ತುತ್ತು ಎನ್ನುತ್ತಿದ್ದರೋ, ಮುಂದಿನ ತುತ್ತು ಎನ್ನುತ್ತಿದ್ದರೋ. ಇಷ್ಟು ವರ್ಷ ನಾಗಪುರದ ನೀರು ಕುಡಿದ ನನ್ನ ನಾಲಿಗೆಗೆ, ಮೊಮ್ಮಗಳೇ, ಆ ಮಾತು ಪೂರಾ ಬರುತ್ತಿಲ್ಲ. ಇರಲಿ, ಕಟ್ಟಳೆ ನೆನಪಿದೆ. ಸಾಲಿನಲ್ಲಿ ಕುಳಿತ ಅತಿ ಚಿಕ್ಕ ಮಗು ಮೊದಲ ತುತ್ತು ಉಣ್ಣುವ ತನಕ ಊರ ಗೌಡನೂ ತಾಟಿಗೆ ಕೈ ಹಾಕುವಂತಿರಲಿಲ್ಲ.

ಹಳ್ಳದ ದಂಡೆಯ ಆ ಮಠವೆಂದರೆ ಮಣ್ಣಿನ ಗೋಡೆಯ ಎರಡು ಅಂಕಣ, ಒಂದು ದನದ ಕೊಟ್ಟಿಗೆ. ಅವ್ವನವರು ತಮ್ಮ ಕೈಯಿಂದಲೇ ರೊಟ್ಟಿ ಬಡಿದು ಬಂದವರಿಗೆ ನೀಡುತ್ತಿದ್ದರು. ಜೈಲಿನಿಂದ ಬಿಡುಗಡೆಯಾಗಿ ಬಂದವರು ಅಲ್ಲಿ ವಿಭೂತಿ ಧರಿಸಿ, ಹೆಂಡತಿ ಮಕ್ಕಳೊಡನೆ ಒಂದೇ ಸಾಲಿನಲ್ಲಿ ಉಂಡರೆ ಮನೆಗೆ ಮರಳಿದರೆಂದೇ ಊರವರ ತಿಳಿವಳಿಕೆ. ಆಮೇಲೆ ಹೆಂಡತಿಯಾದವಳು ಗಂಡ ಬೇಡ ಎನ್ನುವ ಹಾಗಿಲ್ಲ.

ಅದನ್ನೇ ನೆಚ್ಚಿಕೊಂಡು ಒಂದು ಮಧ್ಯಾಹ್ನ ಹಿರಿಯರು ದುಂಡಪ್ಪನನ್ನು ಕರೆತಂದರು. ಮಗ ಶಿವಬಸುವಿನ ತೋಳು ಮುರಿದು, ಬಿಡಿಸಬಂದ ಹೆಂಡತಿ ಸಾತವ್ವನ ತಲೆ ಒಡೆದು ಜೈಲು ಕಂಡವನು ಅವನು. ಮನೆಯ ಕೀಲಿಕೈಯನ್ನು ಅವನ ಅಣ್ಣ ಮಲಕಾಜಪ್ಪ ಸಾತವ್ವನಿಂದ ಇಸಿದುಕೊಂಡು ಆಗಲೇ ದುಂಡಪ್ಪನ ಕಿಸೆಗೆ ಹಾಕಿದ್ದ.

ಸಾತವ್ವನಿಗೆ ಸ್ವಾಮಿಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. ಬಾಗಿದ ಕಡೆಯೆಲ್ಲ ತಾಳಿಕೋ ಎಂಬ ಮಾತೇ ಸಿಕ್ಕಿತ್ತು. ಇವರೂ ಒಂದು ಚಿಟಿಕೆ ಬೂದಿ ಕೊಟ್ಟು ಮಕ್ಕಳನ್ನು ಮತ್ತೆ ಅದೇ ಕೈಗೆ ಒಪ್ಪಿಸುತ್ತಾರೆ ಎಂದುಕೊಂಡಳು. ಅವ್ವನವರು ದುಂಡಪ್ಪನ ಹಣೆಗೆ ವಿಭೂತಿ ಹಚ್ಚಿದಾಗ ಅವಳು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಎಲ್ಲರೂ ಕುಳಿತರು. ರೊಟ್ಟಿ, ಪುಂಡಿಪಲ್ಯ ಬಡಿಸಿದ್ದಾಯಿತು. ಸಾಲಿಗೆಲ್ಲ ಚಿಕ್ಕವಳು ಸಾತವ್ವನ ಮಗಳು ಗಂಗವ್ವ. ಅವಳು ರೊಟ್ಟಿ ಮುರಿಯಲೇ ಇಲ್ಲ. ಹಿರಿಯರು ಬೆಲ್ಲದ ಆಸೆ ತೋರಿಸಿದರು. ನಮ್ಮ ಹೊಟ್ಟೆಯ ಮೇಲೆ ಕಲ್ಲು ಹಾಕಬೇಡ ತಾಯಿ ಎಂದು ಮಲಕಾಜಪ್ಪ ನಗಿಸಲು ನೋಡಿದ. ಕೊನೆಗೆ ದುಂಡಪ್ಪ ಮೆಲ್ಲಗೆ, ಉಣ್ಣು ಗಂಗೀ, ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅಷ್ಟಕ್ಕೇ ತಂಗಿಯ ಪಕ್ಕದಲ್ಲಿದ್ದ ಶಿವಬಸು ತಟ್ಟನೆ ತೋಳನ್ನು ತಲೆಗೆ ಅಡ್ಡ ಹಿಡಿದ.

ಅವ್ವನವರು ಅದನ್ನು ಕಂಡರು. ಎದ್ದು ಬಂದು ದುಂಡಪ್ಪನ ತಾಟನ್ನು ತಾವೇ ಎತ್ತಿಕೊಂಡು ಹೊರಗೆ ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟರು. ಅವನನ್ನು ಅಲ್ಲಿ ಕೂರಿಸಿ ಇನ್ನೊಂದು ಬಿಸಿ ರೊಟ್ಟಿ ನೀಡಿದರು. ಒಳಗೆ ಗಂಗವ್ವ ಅಣ್ಣನ ಮುಖ ನೋಡಿದಳು. ರೊಟ್ಟಿ ಮುರಿದು ಬಾಯಿಗಿಟ್ಟಳು.

ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ. "ಶಿಕ್ಷಾ ಮುಗಿಸಿ ಬಂದಾನ್ರೀ ಅವ್ವಾರ. ಅವನ ಮನಿಗೆ ಅವನ್ನ ಬ್ಯಾಡ ಅಂದ್ರ ಹೆಂಗ?"

"ಶಿಕ್ಷಾ ಮುಗದೈತಿ. ಕೂಸುಗಳ ಅಂಜಿಕಿ ಮುಗದಿಲ್ಲ," ಎಂದರು ಅವ್ವನವರು. "ಅನ್ನ ಹಸದವರದು. ಮನಿ ಮಕ್ಕಳದು."

ಹಾಗೆಂದು ದುಂಡಪ್ಪನ ಮುಂದೆ ಅಂಗೈ ಚಾಚಿದರು. ಅವನು ಕಿಸೆಯಿಂದ ಕೀಲಿಕೈ ತೆಗೆದು ಅದರ ಮೇಲಿಟ್ಟ. ನಾ ಎಲ್ಲಿಗೆ ಹೋಗ್ಲಿ ಎಂದು ಕೇಳಿದ.

"ಈ ಕೊಟ್ಟಿಗಿ ಐತಿ. ಮೊದಲಿಗೆ ದನ ನಿನ್ನ ನೋಡಿ ಬೆದರೂದು ಬಿಡ್ಲಿ."

ಮಕ್ಕಳು ತಾವಾಗಿ ಬಯಸಿದರೆ ಮಠದಲ್ಲಿ, ಅವ್ವನವರ ಕಣ್ಣೆದುರಿಗೇ ಅವನನ್ನು ಕಾಣಬಹುದೆಂದೂ, ಬಯಸದಿದ್ದರೆ ಯಾರೂ ಒತ್ತಾಯಿಸಬಾರದೆಂದೂ ಹಿರಿಯರೆಲ್ಲರ ಬಾಯಿಂದ ಒಪ್ಪಿಸಿಕೊಂಡರು. ಕೀಲಿಕೈಯನ್ನು ಸಾತವ್ವನ ಕೈಗಿಟ್ಟರು. ಅವಳು ಪಾದಕ್ಕೆರಗಲು ಬಾಗಿದಾಗ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿದರು.

ಆ ಹಾಡುಹಗಲಲ್ಲಿ ಊರ ನಡುಬೀದಿಯಲ್ಲಿ ಸಾತವ್ವನ ಮನೆಯ ಕಡೆಗೆ ಅವ್ವನವರು ಮುಂದೆ, ಎರಡೂ ಮಕ್ಕಳ ಕೈ ಹಿಡಿದ ಸಾತವ್ವ ಹಿಂದೆ ನಡೆದರು. ಬೀದಿಯ ಕಟ್ಟೆಗಳ ಮೇಲಿದ್ದವರು ಎದ್ದು ನಿಂತರು. ದುಂಡಪ್ಪ ಕೊನೆಯವರೆಗೂ ಮಠದ ದನ ಕಾಯ್ದ; ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಯಾವ ಸ್ವಾಮಿಯನ್ನೂ ನಂಬದ ಸಾತವ್ವ ದಿನಾ ಬಂದು ಆ ಸಾಲಿಗೆ ಬಡಿಸಿದಳು. ಅಂಜಿ ಬಂದ ಮಕ್ಕಳನ್ನು ತನ್ನ ಮಗ್ಗುಲಲ್ಲೇ ಕೂರಿಸಿಕೊಂಡಳು. ಅವರನ್ನು ಎಬ್ಬಿಸುವ ಧೈರ್ಯ ಯಾವ ಹಿರಿಯನಿಗೂ ಬರಲಿಲ್ಲ.

ಭಕ್ತರು ಈ ಪ್ರಸಂಗದಲ್ಲಿ ಅವ್ವನವರನ್ನೇ ಕೊಂಡಾಡುತ್ತಾರೆ, ಅದು ತಕ್ಕದ್ದೇ. ಆದರೆ ಯಾರಾದರೂ ಹೊಗಳಿದರೆ ಅವ್ವನವರು, ನಾನು ಬರೀ ಮುಂದೆ ಹೋದೆ, ತಲೆ ಎತ್ತಿ ನಡೆದವಳು ಅವಳು, ಎನ್ನುತ್ತಿದ್ದರು. ಅದಕ್ಕೇ, ಮೊಮ್ಮಗಳೇ, ಪೆನ್ನು ತಗೋ. ಸಾತವ್ವನ ಹೆಸರನ್ನು ದೊಡ್ಡದಾಗಿ ಬರೆ.