ಒಂದು ಹುಣಸೆ ಬೀಜ ಉಳೀತು

ಒಂದಾನೊಂದು ಕಾಲದಲ್ಲಿ, ಕತ್ತೆ ಬೆನ್ನ ಮೇಲಿನ ಮಡಕೆಗೂ ಸುಂಕ ಕಟ್ಟಬೇಕಿದ್ದ ಕಾಲದಲ್ಲಿ, ದಾಳಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನಿಗೆ ಮೂವರು ಹೆಣ್ಣುಮಕ್ಕಳು, ಬೂದಿ ಅಂತ ಒಂದು ಕತ್ತೆ. ಕೆರೆಯಿಂದ ಮಣ್ಣು ಹೊರೋದು ಬೂದಿ, ಸಂತೆಗೆ ಮಡಕೆ ಹೊರೋದೂ ಬೂದಿ. ಅದು ಇಲ್ಲ ಅಂದರೆ ಮನೇಲಿ ಒಲೆ ಉರಿಯೋದಿಲ್ಲ. ಹೂಂ ಅನ್ನು, ಆಗಲೇ ನಿದ್ದೆ ಬಂತಾ?

ಸಂತೆ ದಾರೀಲಿ ಸುಂಕದ ಕಟ್ಟೆ, ಕಟ್ಟೆ ಮೇಲೆ ಸುಂಕ ವಸೂಲಿ ಮಾಡೋ ಚೆಲುವಯ್ಯ. ಕೈಲಿ ಕಾಸಿಲ್ಲದವರಿಗೆ ಅವನು ತನ್ನ ಚೀಲದಲ್ಲಿ ಯಾವ ನಾಣ್ಯ ಎಷ್ಟಿದೆ ಅಂತ ಒಂದು ಲೆಕ್ಕ ಕೇಳಬೇಕು, ಅವರು ಬಿಡಿಸಿದರೆ ಸುಂಕ ಇಲ್ಲದೆ ಬಿಡಬೇಕು, ತಪ್ಪಿದರೆ ತಂದದ್ದು ಅವನದು. ಆ ಸೀಮೆ ಪದ್ಧತಿ ಹಾಗಂತೆ.

ದೊಡ್ಡ ಮಗಳು ತಲೆ ಮೇಲೆ ಮಡಕೆ ಹೊತ್ತು ಹೋದಳು, ಹೆದರಿ ಬಾಯಿಗೆ ಬಂದದ್ದು ಹೇಳಿದಳು, ಮಡಕೆ ಹೋಯಿತು. ಆಮೇಲೆ ನಡುವಿನವಳು ಬೂದಿ ಮೇಲೆ ಮಡಕೆ ಹೇರಿಕೊಂಡು ಹೋದಳು, ಬೇಗ ಬೇಗ ಅಂತ ಅವನು ಗದರಿದ್ದಕ್ಕೆ ಲೆಕ್ಕ ಮರೆತಳು, ಮಡಕೆ ಜೊತೆ ಬೂದಿನೂ ಹೋಯಿತು.

ಕಿರಿಯವಳು ಕೆಂಚಿ. ಅವಳಿಗೆ ಮೂಗಿನ ತುದೀಲೇ ಸಿಟ್ಟು. ಹನ್ನೆರಡು ಮಡಕೆ ಮುಚ್ಚಳ ಕಂಕುಳಲ್ಲಿ ಇಟ್ಟುಕೊಂಡಳು, ಮಡಿಲಿಗೆ ಹುಣಸೆ ಬೀಜ ಸುರಿದುಕೊಂಡಳು, ದಾಪುಗಾಲು ಹಾಕಿಕೊಂಡು ಹೋದಳಂತೆ.

ಏನಮ್ಮಾ, ನೀನೇನು ತಂದೆ ಅಂದ ಚೆಲುವಯ್ಯ.

ತಂದಿಲ್ಲ, ಒಯ್ಯೋಕೆ ಬಂದಿದೀನಿ ಅಂದಳು ಕೆಂಚಿ.

ಅವನು ನಕ್ಕ. ಮೂರು ಲೆಕ್ಕ ಬಿಡಿಸು, ಕತ್ತೆ ಒಯ್ಯಿ, ತಪ್ಪಿದರೆ ನಿಮ್ಮಪ್ಪನ ತಿಗರಿ ತಂದಿಡು ಅಂದ. ತಿಗರಿ ಅಂದರೆ ಮಡಕೆ ಮಾಡೋ ಚಕ್ರ ಕಣೇ. ಅದೂ ಹೋದರೆ ಇನ್ನೇನು ಉಳೀತು?

ಮೊದಲನೇದು: ಹತ್ತು ನಾಣ್ಯ, ಕೆಲವು ಒಂದಾಣೆ, ಕೆಲವು ಎರಡಾಣೆ, ಒಟ್ಟು ಹದಿನೈದಾಣೆ, ಯಾವುದು ಎಷ್ಟು? ಕೆಂಚಿ ಆಣೆಗೊಂದರಂತೆ ಹದಿನೈದು ಬೀಜ ಎಣಿಸಿಕೊಂಡಳು, ಹತ್ತು ಮುಚ್ಚಳ ಸಾಲಾಗಿಟ್ಟು ಒಂದೊಂದರಲ್ಲೂ ಒಂದೊಂದು ಬೀಜ ಹಾಕಿದಳಂತೆ. ಕೈಲಿ ಐದು ಉಳೀತು, ಐದು ಮುಚ್ಚಳಕ್ಕೆ ಇನ್ನೊಂದೊಂದು ಹಾಕಿದಳು. ಐದು ಎರಡಾಣೆ, ಐದು ಒಂದಾಣೆ, ಮುಂದೆ ಹೇಳು ಅಂದಳು.

ಎರಡನೇದು: ಹನ್ನೆರಡು ನಾಣ್ಯ, ಒಂದಾಣೆ ಮತ್ತೆ ನಾಲ್ಕಾಣೆ, ಒಟ್ಟು ಇಪ್ಪತ್ತನಾಲ್ಕಾಣೆ. ಮತ್ತೆ ಒಂದೊಂದು ಹಾಕಿದಳು, ಹನ್ನೆರಡು ಉಳೀತು, ಮೂರು ಮೂರರಂತೆ ನಾಲ್ಕು ಮುಚ್ಚಳಕ್ಕೆ ಸುರಿದಳು. ನಾಲ್ಕು ನಾಲ್ಕಾಣೆ, ಎಂಟು ಒಂದಾಣೆ.

ಚೆಲುವಯ್ಯನ ಮುಖ ಸಣ್ಣಗಾಯಿತಂತೆ. ಇನ್ನೊಂದು ಚೀಲ ತೆಗೆದು, ಅದರೊಳಗೆ ಕೈ ಆಡಿಸಿ ಮೂರನೇದು ಹೇಳಿದ: ಹತ್ತು ನಾಣ್ಯ, ಎರಡಾಣೆ ಮತ್ತೆ ನಾಲ್ಕಾಣೆ, ಒಟ್ಟು ಇಪ್ಪತ್ತೈದಾಣೆ.

ಎರಡೆರಡು ಬೀಜ ಹಾಕಿದಳು. ಐದು ಉಳೀತು. ಎರಡು ಮುಚ್ಚಳಕ್ಕೆ ಇನ್ನೆರಡೆರಡು ಹಾಕಿದಳು. ಕೈಲಿ ಒಂದು ಬೀಜ. ಎಲ್ಲ ಎತ್ತಿ ಮತ್ತೆ ಹಾಕಿದಳು. ಮತ್ತೆ ಒಂದು. ಹಿಂದೆ ಸುಂಕಕ್ಕೆ ನಿಂತಿದ್ದ ಜನ ಅಯ್ಯೋ ಪಾಪ ಅಂದರು. ತಿಗರಿ ತಗೊಂಡು ಬಾ ಹೋಗಮ್ಮಾ ಅಂದ ಅವನು.

ನೀನೇ ಹೇಳು ಕೂಸೇ, ಎರಡು ನಾಲ್ಕು ಎಷ್ಟು ಕೂಡಿಸಿದರೂ ಇಪ್ಪತ್ತೈದು ಬರುತ್ತಾ? ಬರಲ್ಲ. ಕೆಂಚಿಗೂ ತಿಳೀತು. ಅವಳ ಕಣ್ಣು ಕೆಂಡವಾಯಿತಂತೆ. ಆ ಒಂದು ಬೀಜ ಅವನ ಮೂಗಿನ ಮುಂದೆ ಹಿಡಿದು, ಇದು ಯಾವ ಮುಚ್ಚಳದ್ದೋ ಕಳ್ಳಾ, ತೋರಿಸು ಅಂದಳು. ಅವನು ಚೀಲ ಹಿಂದಕ್ಕೆ ಸರಿಸಿದ. ಅವಳು ಚೀಲ ಕಿತ್ತುಕೊಂಡು ಎಲ್ಲರ ಮುಂದೆ ಸುರಿದಳು. ಎಂಟು ಎರಡಾಣೆ, ಎರಡು ನಾಲ್ಕಾಣೆ, ಇಪ್ಪತ್ತನಾಲ್ಕೇ!

ಆಮೇಲೆ ಜನ ಬಿಡುತ್ತಾರಾ? ನನ್ನ ಕುರಿ ಎಲ್ಲೋ, ನನ್ನ ಕಂಬಳಿ ಎಲ್ಲೋ ಅಂತ ಮೇಲೆ ಬಿದ್ದರಂತೆ. ಅವರವರದ್ದು ಅವರವರು ತಗೊಂಡರು. ಬೂದಿಗೆ ಚೆಲುವಯ್ಯನ ಕೈಲೇ ಹುಲ್ಲು ಹಾಕಿಸಿ, ಅದು ತಿಂದು ಮುಗಿಸೋವರೆಗೂ ಅವನನ್ನ ನಿಲ್ಲಿಸಿ, ಅಕ್ಕಂದಿರ ಮಡಕೆ ಹೇರಿಕೊಂಡು ಕೆಂಚಿ ಹೊರಟಳು. ಹೊರಡುವಾಗ ಆ ಬೀಜಾನ ಕಟ್ಟೆ ಮುಂದೆ ಹಾಕಿ ಹಿಮ್ಮಡೀಲಿ ತುಳಿದಳಂತೆ.

ಅಲ್ಲಿ ಈಗ ದೊಡ್ಡ ಹುಣಸೇಮರ. ಅದರ ಕೆಳಗೆ ಇವತ್ತಿಗೂ ಯಾರೂ ಸುಳ್ಳು ಲೆಕ್ಕ ಹೇಳೋದಿಲ್ಲವಂತೆ.

ಬೂದಿ ಮನೆ ಸೇರಿತು, ಒಲೆ ಉರೀತು, ಕತೆ ಮುಗೀತು. ಮಲಕ್ಕೋ.