ಒಳಗಿನ ದೃಷ್ಟಿ

ಚೆನ್ನವೀರಯ್ಯನವರು ತಾತನ ಕಾಲದ ಕಾರಿನ ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಿದಾಗ, ಅದರ ನಾಲ್ಕು ಪಿಸ್ಟನ್‌ಗಳಲ್ಲಿ ಒಂದು ಮಾತ್ರ ಹೊಸದಾಗಿ ಬಂತು. ಉಳಿದ ಮೂರಕ್ಕೆ ಅದರ ಹೊಳಪನ್ನು ನೋಡಿ ಸಹಿಸಲಾಗಲಿಲ್ಲ.

"ನಿನ್ನೆ ಮೊನ್ನೆ ಬಂದವನಿಗೆ ನಮ್ಮ ಸಮಕ್ಕೆ ಜಾಗವೇ? ಇವನಿಗೆ ಹೊಂದಿಕೊಂಡು ಓಡುವವರು ನಾವಲ್ಲ" ಎಂದವು ಹಳೆಯವು.

"ನಾನು ಕೇಳಿಕೊಂಡು ಬಂದವನಲ್ಲ. ಜೊತೆಗೂಡಿ ಓಡೋಣ" ಎಂದಿತು ಹೊಸದು.

ಅವು ಒಪ್ಪಲಿಲ್ಲ. ಕಾರು ಗಡಗಡ ನಡುಗಿತು. "ಯಾರದೋ ದೃಷ್ಟಿ ತಗುಲಿದೆ" ಎಂದು ಚೆನ್ನವೀರಯ್ಯನವರು ಕಾರಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಹಳೆಯವು ನಕ್ಕವು: "ಕಣ್ಣು ಹಾಕಿದವರು ಒಳಗಿದ್ದೇವೆ, ನಿಂಬೆಹಣ್ಣು ಹೊರಗಿದೆ."

ನಡುಕ ನಿಲ್ಲದಿದ್ದಾಗ ಮೆಕ್ಯಾನಿಕ್ ಇಮ್ತಿಯಾಜ್ ಎಂಜಿನ್ ಬಿಚ್ಚಿ ನಾಲ್ಕನ್ನೂ ತೂಗಿ ನೋಡಿದ. "ಹೊಸದರ ತೂಕ ಹಳೇವಕ್ಕೆ ಹೊಂದ್ತಿಲ್ಲ ಯಜಮಾನ್ರೇ. ಅದಕ್ಕೇ ನಡುಗ್ತಿದೆ."

"ಇನ್ನು ಇವನು ಹೊರಗೆ" ಎಂದು ಮೂರೂ ಹಿಗ್ಗಿದವು.

"ಹಳೇ ತೂಕದ್ದು ಈಗ ಎಲ್ಲೂ ಸಿಗಲ್ಲ" ಎಂದ ಇಮ್ತಿಯಾಜ್. "ಈ ಮೂರನ್ನೂ ತೆಗೆದು ಹೊಸದೇ ಹಾಕಿಬಿಡೋಣ."

ಕಾರು ನಡುಗದೆ ಓಡಿತು. ಚೆನ್ನವೀರಯ್ಯನವರು ನಿಂಬೆಹಣ್ಣಿಗೆ ಕೈಮುಗಿದು, "ಕೊನೆಗೂ ದೃಷ್ಟಿ ಹೋಯ್ತು" ಎಂದರು. ಗುಜರಿ ಡಬ್ಬದಲ್ಲಿ ಬಿದ್ದಿದ್ದ ಮೂರಕ್ಕೂ ಆ ಮಾತು ಕೇಳಿಸಿತು.