ಅವ್ವನವರ ಊಟಕ್ಕೊಂದು ನುಡಿ

ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ, ಕಂಬಾರರ ಸಾಲಿನ ಹಿಂದಿನ ಒಂದಂಕಣದ ಮನೆಯಲ್ಲಿ ಮಾತೋಶ್ರೀ ಸಾತವ್ವನವರು ವಾಸವಾಗಿದ್ದರು. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವರ ಕಾಯಕ. ದಿನಕ್ಕೆ ಒಂದೇ ಊಟ, ಅದೂ ಮುಂಜಾನೆಯ ಪೂಜೆಯ ನಂತರ. ಉಪದೇಶ ಮಾಡುತ್ತಿದ್ದುದು ಕಡಿಮೆ. ಮಾಡಿದರೂ ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ.

ಒಂದು ದಿನ ತತ್ವಪದಕಾರ ರೇವಣಪ್ಪ ಬಂದು ತನ್ನ ಏಕತಾರಿಯನ್ನು ಅವರ ಮುಂದಿಟ್ಟ. ಸುತ್ತಿನ ಭಜನಾ ಮೇಳಗಳೆಲ್ಲ ಅವನ ಪದಗಳನ್ನೇ ಹಾಡುತ್ತಿದ್ದವು. ಆದರೆ ಮೂರು ವರ್ಷದಿಂದ ಅವನು ಒಂದು ಪದವನ್ನೂ ಕಟ್ಟಿರಲಿಲ್ಲ. ಮಿಂದು, ಊದಿನಕಡ್ಡಿ ಹಚ್ಚಿ, ಬಾಗಿಲಿಕ್ಕಿ ಕೂರುತ್ತಿದ್ದ. ಒಂದು ಸಾಲು ಬರೆದು, ಹಳೆಯದರ ಸಮಕ್ಕೆ ಬರಲಿಲ್ಲವೆಂದು ಹೊಡೆದುಹಾಕಿ ಏಳುತ್ತಿದ್ದ.

"ಇದನ್ನ ನೀವೇ ಇಟ್ಕೋರಿ ಅವ್ವಾ. ಶಿವ ನನ್ನ ನಾಲಿಗಿ ಬಿಟ್ಟು ಹೋಗ್ಯಾನ."

"ಎಲ್ಲಿಗೆ ಹೋಗ್ತೀನಿ ಅಂತ ಹೇಳಿ ಹೋದನೇನಪಾ?" ಎಂದರು ಅವ್ವನವರು. ದಾರವನ್ನು ಹಲ್ಲಿನಿಂದ ಕಡಿದು, "ನಾಳಿಂದ ಹೊತ್ತು ಹೊಂಟ ಕೂಡ್ಲೆ ಬಾ. ದಿನಾ ಒಂದು ಹೊಸಾ ನುಡಿ ತಾ. ಅದನ್ನ ಕೇಳಿದ ಮ್ಯಾಲೆ ನನ್ನ ಊಟ" ಎಂದರು.

ರೇವಣಪ್ಪ ಇದನ್ನು ತಾಯಿಯ ಅಕ್ಕರೆಯ ಮಾತೆಂದುಕೊಂಡ. ಎರಡು ದಿನ ಹೇಗೋ ನಾಲ್ಕು ಸಾಲು ಹೊಂದಿಸಿ ತಂದ. ಮೂರನೆಯ ದಿನ ಬರಿಗೈಲಿ ಬಂದ.

ಅವ್ವನವರು ಊಟಕ್ಕೇಳದೆ ಹೊಲಿಗೆ ಹಿಡಿದು ಕುಳಿತರು. ಹೊತ್ತು ನೆತ್ತಿಗೇರಿತು. ಅಡುಗೆಯ ಬಾಳವ್ವ ರೊಟ್ಟಿ ಮುಚ್ಚಿಟ್ಟು ಹೊಸ್ತಿಲಿಗೆ ಬಂದಳು.

"ಕವಿಗಳು ಜಂತಿ ಎಣಸಾಕತ್ತಾರ. ಎಣಸ್ರಿ, ಅವಸರಿಲ್ಲ. ಅವ್ವಾರು ಮಣ್ಣಿಗೆ ಹೋದ ಮ್ಯಾಲೆ ಹಾಡೀರಂತ."

"ಹೊಂದವಲ್ದು ಬಾಳವ್ವಾ. ಎಂಥದಾರ ತಂದು ಅವ್ವಾರ ಮುಂದ ಹೆಂಗ ಹಾಡಲಿ?"

"ಹೊಟ್ಟಿಗೆ ಎಂಥದ್ದಾದ್ರೂ ನಡೀತೈತ್ರಿ."

ಅಷ್ಟರಲ್ಲಿ ಅವ್ವನವರ ಕೈಯ ಸೂಜಿ ಬಟ್ಟೆ ತಪ್ಪಿ ಬೆರಳಿಗೆ ಚುಚ್ಚಿತು. ಎಪ್ಪತ್ತು ದಾಟಿದ ಕೈ, ನಡುಗುತ್ತಿತ್ತು. ಅವರು ರಕ್ತ ಒರೆಸಿಕೊಂಡು ಮತ್ತೆ ಹೊಲಿಯತೊಡಗಿದರು. ಅವನತ್ತ ನೋಡಲೂ ಇಲ್ಲ. ರೇವಣಪ್ಪ ಏಕತಾರಿ ಎತ್ತಿಕೊಂಡು, ಬಾಯಿಗೆ ಬಂದದ್ದನ್ನು ಹಾಡಿದ:

"ರೊಟ್ಟಿ ಆರೈತಿ, ಪಲ್ಯ ಆರೈತಿ,
ತಾಯಿ ಕೈ ನಡುಗತೈತಿ;
ಬರಿಗೈಲಿ ಬಂದವನ ಗರ್ವಕ್ಕ
ಇನ್ನೂ ಹೊಟ್ಟಿ ತುಂಬಿಲ್ಲ."

ಪ್ರಾಸ ಕೂಡಿರಲಿಲ್ಲ, ತಾಳವೂ ಎಡವಿತ್ತು, ಮುಚ್ಚಿಡಬೇಕಾದ್ದೇನಿಲ್ಲ. ಅವ್ವನವರು ಎದ್ದು ಕೈ ತೊಳೆದು ಊಟಕ್ಕೆ ಕುಳಿತರು.

"ನುಡಿ ಚಲೋ ಇತ್ತೇನ್ರಿ ಅವ್ವಾ?"

"ನಾ ಹಸದಾಕಿ. ಪರೀಕ್ಷಾ ಮಾಡಾಕಿ ಅಲ್ಲ."

ಅಂದಿನಿಂದ ರೇವಣಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದ. ಕಟ್ಟಿದ ನುಡಿಗಳಲ್ಲಿ ಹೆಚ್ಚಿನವು ಸಾಧಾರಣವಾದವು, ಅವನಿಗೇ ನೆನಪುಳಿಯಲಿಲ್ಲ. ಹೀಗೆ ವರ್ಷ ಕಳೆದ ಮೇಲೆ ಒಂದು ಮುಂಜಾನೆ, ದರ್ಶನಕ್ಕೆ ಹತ್ತಾರು ಮಂದಿ ಕುಳಿತಿದ್ದಾಗ ಅವನು ಹಾಡಿದ ನುಡಿಗೆ ಜನ ಕಣ್ಣೊರೆಸಿಕೊಂಡರು. ಬಾಳವ್ವ ಹಂಚಿನ ಮೇಲಿನ ರೊಟ್ಟಿ ಮರೆತು ಬಾಗಿಲಲ್ಲಿ ನಿಂತಿದ್ದಳು.

ಅವ್ವನವರು ಎಂದಿನಂತೆ ಎದ್ದು ಕೈ ತೊಳೆದರು.

"ಇನ್ನೊಮ್ಮೆ ಹಾಡ್ರಿ ರೇವಣಪ್ಪಾರ" ಎಂದರು ಜನ.

ಚೆನ್ನಾಗಿತ್ತೇ ಎಂದು ರೇವಣಪ್ಪ ಯಾರನ್ನೂ ಕೇಳಲಿಲ್ಲ. ಅವ್ವನವರು ಮೊದಲ ತುತ್ತು ಉಂಡದ್ದನ್ನು ನೋಡಿ ಕೈಮುಗಿದ.

"ಇದು ಇವತ್ತಿಂದು, ಆತ್ರಿ. ನಾಳಿಂದು ಇನ್ನೂ ಕಟ್ಟಬೇಕು" ಎಂದು ಹೇಳಿ ಮನೆಯ ಕಡೆ ನಡೆದ.